ಕೊಳೆತ ಶವದ ಡಿಎನ್‌ಎ ವರದಿ: ಕೊನೇ ಪುಟಕ್ಕೆ ಹೋಗುವ ಮೊದಲು ಏನೇನು ಓದಬೇಕು

ಡಿಎನ್‌ಎ ವರದಿ ಕೈಗೆ ಬಂದ ಕೂಡಲೇ ನಾವು ವಕೀಲರು ತಿರುಗಿಸುವುದು ಕೊನೇ ಪುಟ. ‘ಸದರಿ ಮೂಳೆಯು ಇಂತಿಂಥವರ ಜೈವಿಕ ಪುತ್ರನದ್ದಾಗಿರುತ್ತದೆ’ ಎಂಬ ಸಾಲು ಕಂಡರೆ ಸರ್ಕಾರಿ ಅಭಿಯೋಜಕರು ಕಡತ ಮುಚ್ಚಿ ಟೀಗೆ ಹೊರಡುತ್ತಾರೆ. ಆರೋಪಿ ಪರ ವಕೀಲ ತಲೆ ಮೇಲೆ ಕೈ ಹೊತ್ತು ಕೂರುತ್ತಾನೆ. ಇಬ್ಬರೂ ಅವಸರ ಮಾಡಿದ್ದಾರೆ.

2025ರ ಜುಲೈ, ಆಗಸ್ಟಿನಲ್ಲಿ ಧರ್ಮಸ್ಥಳದಲ್ಲಿ ಎಸ್‌ಐಟಿ (ವಿಶೇಷ ತನಿಖಾ ತಂಡ) ಹೂತ ಶವಗಳಿಗಾಗಿ ನೆಲ ಅಗೆಸುತ್ತಿದ್ದಾಗ ನಮ್ಮ ಕೋರ್ಟಿನ ಕ್ಯಾಂಟೀನಿನಲ್ಲಿ ಎಲ್ಲರ ಬಾಯಲ್ಲೂ ಡಿಎನ್‌ಎ. ‘ಒಂದು ಎಲುಬು ಸಿಕ್ಕರೆ ಸಾಕು ಸಾರ್, ಎಲ್ಲ ಗೊತ್ತಾಗುತ್ತೆ’ ಅನ್ನುವವರು ಒಂದು ಟೇಬಲ್ಲಿನಲ್ಲಿ. ‘ಅಷ್ಟು ಹಳೇ ಎಲುಬಿನಲ್ಲಿ ಏನೂ ಇರಲ್ಲ, ಸುಮ್ನೆ’ ಅನ್ನುವವರು ಪಕ್ಕದ ಟೇಬಲ್ಲಿನಲ್ಲಿ. ಆ ಪ್ರಕರಣದ ಮಾತು ಇಲ್ಲಿ ಬೇಡ. ಆದರೆ ಆ ಎರಡು ಮಾತಿನ ನಡುವೆ ನಿಜ ಎಲ್ಲಿದೆ ಎಂದು ಒಂದು ಕಡತದಲ್ಲಿ ಹುಡುಕುವುದು ಹೇಗೆ ಎಂದು ಹೇಳುತ್ತೇನೆ. ಜೂನಿಯರ್ ವಕೀಲರಿಗೆ, ಕೋರ್ಟ್ ಸುದ್ದಿ ಬರೆಯುವವರಿಗೆ, ಮನೆಯವರನ್ನು ಕಳೆದುಕೊಂಡು ಫಲಿತಾಂಶಕ್ಕೆ ಕಾಯುತ್ತಿರುವವರಿಗೆ ಇದು ಉಪಯೋಗಕ್ಕೆ ಬರಬಹುದು.

ಕೊಳೆತಾಗ ಡಿಎನ್‌ಎಗೆ ಏನಾಗುತ್ತದೆ

ಪ್ರಾಣ ಹೋದ ಮೇಲೆ ಜೀವಕೋಶದೊಳಗಿನ ಕಿಣ್ವಗಳೇ ಡಿಎನ್‌ಎಯನ್ನು ಕತ್ತರಿಸಲು ಶುರು ಮಾಡುತ್ತವೆ. ಹಿಂದೆಯೇ ಬ್ಯಾಕ್ಟೀರಿಯಾ ಬರುತ್ತವೆ. ಬಿಸಿ ಮತ್ತು ತೇವ ಸೇರಿದರೆ ಕೆಲಸ ಇನ್ನೂ ಬೇಗ. ಏಪ್ರಿಲ್ ಬಿಸಿಲಿನಲ್ಲಿ ಬಿದ್ದ ಶವದ ರಕ್ತ, ಮಾಂಸ ಕೆಲವೇ ದಿನಗಳಲ್ಲಿ ಪರೀಕ್ಷೆಗೆ ನಾಲಾಯಕ್ಕಾಗಬಹುದು. ಗಟ್ಟಿ ಮೂಳೆ, ಹಲ್ಲು ಮಾತ್ರ ತಮ್ಮೊಳಗಿನದನ್ನು ಜಾಸ್ತಿ ಕಾಲ ಕಾಪಾಡುತ್ತವೆ.

ಲ್ಯಾಬ್ ನೋಡುವುದು ಎಸ್‌ಟಿಆರ್ ಎಂಬ ಜಾಗಗಳನ್ನು. ಅಲ್ಲಿ ಒಂದು ಚಿಕ್ಕ ಅಕ್ಷರಗುಂಪು ಮತ್ತೆ ಮತ್ತೆ ಬರುತ್ತದೆ. ಎಷ್ಟು ಸಲ ಬರುತ್ತದೆ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ಥರ. ಈಗಿನ ಕಿಟ್‌ಗಳು ಇಂಥ 20ಕ್ಕೂ ಹೆಚ್ಚು ಜಾಗಗಳನ್ನು ಒಟ್ಟಿಗೆ ಓದುತ್ತವೆ. ಓದುವ ತುಂಡುಗಳ ಉದ್ದ ಸುಮಾರು 100 ಅಕ್ಷರದಿಂದ 450 ಅಕ್ಷರದವರೆಗೆ.

ಗೆದ್ದಲು ಹತ್ತಿದ ಹಳೇ ಕಡತ ನೆನಪಿಸಿಕೊಳ್ಳಿ. ಉದ್ದ ಸಾಲುಗಳೆಲ್ಲ ತುಂಡಾಗಿರುತ್ತವೆ, ಚಿಕ್ಕ ಪದಗಳು ಅಲ್ಲಲ್ಲಿ ಓದಲು ಸಿಗುತ್ತವೆ. ಕೊಳೆತ ಡಿಎನ್‌ಎ ಕೂಡ ಹಾಗೇ. ಉದ್ದ ತುಂಡು ಬೇಕಾದ ಜಾಗಗಳು ಮೊದಲು ಹೋಗುತ್ತವೆ, ಚಿಕ್ಕವು ಉಳಿಯುತ್ತವೆ. ಅದಕ್ಕೇ ಮಿನಿ ಎಸ್‌ಟಿಆರ್ ಎಂಬ ಚಿಕ್ಕ ತುಂಡಿನ ಪರೀಕ್ಷೆ ಬಂತು. 2001ರಲ್ಲಿ ನ್ಯೂಯಾರ್ಕಿನ ಅವಳಿ ಕಟ್ಟಡಗಳು ಬಿದ್ದ ಮೇಲೆ ಸಿಕ್ಕ ಅವಶೇಷಗಳನ್ನು ಗುರುತಿಸುವಾಗ ಅದು ದೊಡ್ಡ ಕೆಲಸಕ್ಕೆ ಬಂತು.

ಈ ಒಂದು ಮಾತು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ. ಕೊಳೆಯುವುದರಿಂದ ಡಿಎನ್‌ಎ ಅರ್ಧಂಬರ್ಧ ಆಗುತ್ತದೆ. ಆದರೆ ರಾಮಪ್ಪನ ಮೂಳೆ ಎಷ್ಟೇ ಕೊಳೆತರೂ ಭೀಮಪ್ಪನ ಪೂರ್ತಿ ಪ್ರೊಫೈಲ್ (ಆ ಎಲ್ಲ ಜಾಗಗಳ ಅಂಕಿಗಳ ಪಟ್ಟಿ) ಕೊಡುವುದಿಲ್ಲ. ಹಾಗೆ ಕೊಟ್ಟರೆ ನಡುವೆ ಯಾರದ್ದೋ ಕೈ ಆಡಿದೆ: ಬೆವರು ತಾಗಿದೆ, ಇಲ್ಲವೇ ಪೊಟ್ಟಣ ಅದಲು ಬದಲಾಗಿದೆ. ಹಾಗಾಗಿ ಕಡತದಲ್ಲಿ ನೀವು ಹುಡುಕಬೇಕಾದದ್ದು ಎರಡೇ. ಎಷ್ಟು ಉಳಿದಿತ್ತು? ಯಾರ ಯಾರ ಕೈ ದಾಟಿ ಬಂತು?

1. ವರದಿ ಯಾವ ಪ್ರಶ್ನೆಗೆ ಉತ್ತರ ಎಂದು ಬರೆದುಕೊಳ್ಳಿ

‘ಶವ ಯಾರದ್ದು?’ ಎಂಬುದು ಒಂದು ಪ್ರಶ್ನೆ. ‘ಶವದ ಮೇಲೆ ಇನ್ನಾರದ್ದಾದರೂ ಡಿಎನ್‌ಎ ಇದೆಯಾ?’ ಎಂಬುದು ಬೇರೆಯೇ ಪ್ರಶ್ನೆ. ಕೋರ್ಟಿನಲ್ಲಿ ಎರಡನ್ನೂ ಕಲಸಿಬಿಡುತ್ತಾರೆ.

ಮೊದಲನೆಯದಕ್ಕೆ ಇಡೀ ಅಸ್ಥಿಪಂಜರವೇ ಸಾಕ್ಷಿ. ಒಂದು ಮೂಳೆ ಕೈಕೊಟ್ಟರೆ ಇನ್ನೊಂದು ಇದೆ. ಎರಡನೆಯದಕ್ಕೆ ಇರುವುದು ಒಂದು ಹತ್ತಿ ಸ್ವ್ಯಾಬಿನಲ್ಲಿ ಬಂದ ಚೂರು, ಅದೂ ಕೊಳೆಯುತ್ತಿರುವ ದೇಹದಿಂದ. ಅದನ್ನು ಮತ್ತೆ ತೆಗೆಯಲು ಆಗುವುದಿಲ್ಲ. ಹಾಗಾಗಿ ಎರಡನೇ ಥರದ ಕೇಸಿನಲ್ಲಿ ನೀವು ಹತ್ತು ಪಟ್ಟು ಅನುಮಾನದಿಂದ ಓದಬೇಕು. ಮತ್ತೆ, ಮೂಳೆಯ ಡಿಎನ್‌ಎ ಯಾರು ಕೊಂದರು, ಹೇಗೆ ಕೊಂದರು, ಯಾವಾಗ ಕೊಂದರು ಎಂಬುದಕ್ಕೆ ಬಾಯಿ ಬಿಡುವುದೇ ಇಲ್ಲ. ಗುರುತು ಸಾಬೀತಾದರೆ ಕೊಲೆ ಸಾಬೀತಾದಂತೆ ವಾದ ಮಾಡುವವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

2. ಶವ ಎಲ್ಲಿತ್ತು, ಯಾವ ಮಣ್ಣು

ಯುಡಿಆರ್ (ಅಸಹಜ ಸಾವಿನ ವರದಿ), ಶವ ಮಹಜರು, ಪಿಎಂ (ಮರಣೋತ್ತರ ಪರೀಕ್ಷೆ) ವರದಿ, ಮೂರನ್ನೂ ಪಕ್ಕ ಪಕ್ಕ ಇಟ್ಟುಕೊಳ್ಳಿ. ಬಾವಿಯಲ್ಲಿತ್ತಾ, ಬಯಲಿನಲ್ಲಾ, ಹೂತಿತ್ತಾ? ಕರಾವಳಿಯ ಕೆಂಪು ಜಂಬಿಟ್ಟಿಗೆ ಮಣ್ಣು ಹುಳಿ ಗುಣದ್ದು, ಜೋರು ಮಳೆ ಬೇರೆ. ಮೂಳೆಯ ಸುಣ್ಣದ ಅಂಶವನ್ನು ಅದು ಕರಗಿಸುತ್ತಾ ಹೋಗುತ್ತದೆ. ಉತ್ತರ ಕರ್ನಾಟಕದ ಕಪ್ಪು ಎರೆಮಣ್ಣು ಹಾಗಲ್ಲ, ಕ್ಷಾರ ಗುಣದ್ದು. ಎಲೆ ಕೊಳೆತ ಮಣ್ಣಿನಲ್ಲಿ ಹ್ಯೂಮಿಕ್ ಆಮ್ಲ ಇರುತ್ತದೆ. ಅದು ಮೂಳೆಯೊಳಗೆ ಇಳಿದರೆ ಲ್ಯಾಬಿನ ಪಿಸಿಆರ್ ಕ್ರಿಯೆಯನ್ನೇ, ಅಂದರೆ ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಕೆಲಸವನ್ನೇ, ತಡೆಯುತ್ತದೆ. ಡಿಎನ್‌ಎ ಇದ್ದೂ ಕಾಣುವುದಿಲ್ಲ.

ಹೂತ ಶವ ತೆಗೆದಿದ್ದರೆ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 196ರ ಕೆಳಗೆ ಮ್ಯಾಜಿಸ್ಟ್ರೇಟರ ಆದೇಶ ಇದೆಯಾ ನೋಡಿ. ಜೆಸಿಬಿಯಲ್ಲಿ ತೋಡಿದರೋ, ಕೈಯಲ್ಲಿ ಬಿಡಿಸಿದರೋ ಎಂಬುದನ್ನು ಮಹಜರಿನಲ್ಲಿ ಹುಡುಕಿ. ಒಂದೇ ಗುಂಡಿಯಲ್ಲಿ ಇಬ್ಬರ ಮೂಳೆ ಬೆರೆತಿದ್ದರೆ ತೊಡೆ ಮೂಳೆಯ ಫಲಿತಾಂಶ ತಲೆಬುರುಡೆಗೆ ಅನ್ವಯಿಸುವುದಿಲ್ಲ. ಬುರುಡೆಯಲ್ಲಿ ಏಟಿನ ಗುರುತು ಇದೆ, ಡಿಎನ್‌ಎ ಮಾಡಿದ್ದು ತೊಡೆ ಮೂಳೆಗೆ ಎಂದಾದರೆ ಅಲ್ಲೇ ಒಂದು ಪ್ರಶ್ನೆ ಹುಟ್ಟಿತು.

3. ಯಾವ ಭಾಗ ತೆಗೆದರು, ಯಾವುದರಲ್ಲಿ ಹಾಕಿದರು

ಕೊಳೆತ ಶವದಲ್ಲಿ ಒಳ್ಳೆಯ ಮಾದರಿ ಎಂದರೆ ತೊಡೆ ಮೂಳೆಯ ನಡುಭಾಗ, ಹುಳುಕಿಲ್ಲದ ದವಡೆ ಹಲ್ಲು, ಕಿವಿಯ ಒಳಭಾಗವನ್ನು ಸುತ್ತುವರಿದ ಪೆಟ್ರಸ್ ಮೂಳೆ. ಪೆಟ್ರಸ್ ಮೂಳೆ ದೇಹದಲ್ಲೇ ತುಂಬಾ ದಟ್ಟವಾದದ್ದು. ಕಾಲಿನ ಉಗುರನ್ನು ಜನ ಮರೆಯುತ್ತಾರೆ, ಅದೂ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಪಕ್ಕೆಲುಬಿನ ತುಂಡು ತೆಗೆಯುವುದು ಸುಲಭ, ಆದರೆ ಅದು ತೆಳ್ಳಗಿರುತ್ತದೆ, ಬೇಗ ಹಾಳಾಗುತ್ತದೆ.

ಇನ್ನು ಬಾಟಲಿ ವಿಷಯ. ಶವಾಗಾರದ ಮೇಜಿನ ಮೇಲೆ ಮೂರು ಥರದ ಮಾದರಿ ಒಟ್ಟಿಗೇ ಇರುತ್ತವೆ. ವಿಷ ಪರೀಕ್ಷೆಗೆ ಹೋಗುವ ಒಳಾಂಗಗಳು ಉಪ್ಪಿನ ನೀರಿನಲ್ಲಿ. ಹಿಸ್ಟೋಪೆಥಾಲಜಿಗೆ (ಸೂಕ್ಷ್ಮದರ್ಶಕದಲ್ಲಿ ಅಂಗಾಂಶ ನೋಡುವ ಪರೀಕ್ಷೆಗೆ) ಹೋಗುವ ತುಂಡುಗಳು ಫಾರ್ಮಲಿನ್‌ನಲ್ಲಿ. ಡಿಎನ್‌ಎಗೆ ಹೋಗುವ ಮೂಳೆ ಯಾವ ದ್ರಾವಣವೂ ಇಲ್ಲದೆ, ಒಣಗಿಸಿ, ಕಾಗದದ ಕವರಿನಲ್ಲಿ, ತಣ್ಣಗಿನ ಜಾಗದಲ್ಲಿ. ಫಾರ್ಮಲಿನ್ ಡಿಎನ್‌ಎಯನ್ನು ಪ್ರೋಟೀನಿಗೆ ಅಂಟಿಸಿಬಿಡುತ್ತದೆ, ತುಂಡು ಮಾಡುತ್ತದೆ.

ಒಂದು ಕೇಸಿನಲ್ಲಿ ನನ್ನ ಕೈಗೆ ಸಿಕ್ಕ ಪಿಎಂ ವರದಿಯ ಕೊನೆಯಲ್ಲಿ ಬಾಲ್‌ಪೆನ್ನಿನಲ್ಲಿ ಒಂದೇ ಸಾಲು ಇತ್ತು: ‘ಫೀಮರ್ ತುಂಡು, ಒಂದು, ಫಾರ್ಮಲಿನ್, ಡಿಎನ್‌ಎಗೆ’. ಫೀಮರ್ ಎಂದರೆ ತೊಡೆ ಮೂಳೆ. ಆ ಎಲುಬಿನಿಂದ ಫಲಿತಾಂಶ ಸಿಗದಿದ್ದಕ್ಕೆ ಎಲ್ಲರೂ ಮಣ್ಣನ್ನು, ಮಳೆಯನ್ನು ಬೈಯುತ್ತಿದ್ದರು. ಕಾರಣ ಆ ಸಾಲಿನಲ್ಲಿತ್ತು. ಹೂತ ಜಾಗಕ್ಕೆ ಮತ್ತೆ ಹೋಗಿ ಹಲ್ಲು ತಂದ ಮೇಲೆ ಪ್ರೊಫೈಲ್ ಬಂತು. ಅವತ್ತಿನಿಂದ ನಾನು ಪಿಎಂ ವರದಿಯನ್ನು ಕೊನೆಯ ಸಾಲಿನಿಂದ ಮೇಲಕ್ಕೆ ಓದುತ್ತೇನೆ.

4. ಅರಗು, ಸೀಲು, ದಿನಾಂಕ

ಇಲ್ಲಿ ಸಮಯ ಕೊಡಿ. ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ: ದಿನಾಂಕ ಮತ್ತು ಹೊತ್ತು, ಯಾರ ಕೈಯಲ್ಲಿತ್ತು, ಎಲ್ಲಿ ಇಟ್ಟಿದ್ದರು, ಯಾವ ಸೀಲು. ವೈದ್ಯರು ಕೊಟ್ಟ ದಿನ, ಪೊಲೀಸರು ಪಿ.ಎಫ್.ನಲ್ಲಿ (ವಶಪಡಿಸಿಕೊಂಡ ವಸ್ತುಗಳ ನಮೂನೆಯಲ್ಲಿ) ನಮೂದಿಸಿದ ದಿನ, ಠಾಣೆಯ ಮುದ್ದೆಮಾಲು ಕೋಣೆಯಿಂದ ಹೊರಬಂದ ದಿನ, ಒಯ್ದ ಕಾನ್‌ಸ್ಟೇಬಲ್ ಹೆಸರು, ಲ್ಯಾಬ್ ಸ್ವೀಕೃತಿ ಕೊಟ್ಟ ದಿನ. ಪ್ರತಿ ಸಾಲಿಗೂ ಒಂದು ಕಾಗದ ಬೇಕು. ಕಾಗದ ಸಿಗದ ಸಾಲನ್ನು ಖಾಲಿ ಬಿಡಿ.

ಆಮೇಲೆ ಅರಗಿನ ಮೇಲಿನ ಅಕ್ಷರ. ಆಸ್ಪತ್ರೆಯಲ್ಲಿ ಒತ್ತಿದ ಸೀಲಿನ ಮಾದರಿ ಒಂದು ಕಾಗದದ ಮೇಲಿರುತ್ತದೆ. ಲ್ಯಾಬ್ ವರದಿಯ ಮೊದಲ ಪುಟದಲ್ಲಿ ‘ಇಂಥ ಅಕ್ಷರದ ಸೀಲು ಇತ್ತು, ಭದ್ರವಾಗಿತ್ತು, ಮಾದರಿ ಸೀಲಿಗೆ ಹೊಂದುತ್ತಿತ್ತು’ ಎಂದು ಬರೆದಿರುತ್ತಾರೆ. ಆಸ್ಪತ್ರೆಯ ಸೀಲು ಒಡೆದು ಠಾಣೆಯ ಸೀಲು ಹಾಕಿದ್ದರೆ ಎರಡು ಅಕ್ಷರ ಬೇರೆ ಬೇರೆ ಇರುತ್ತವೆ. ಯಾಕೆ ಒಡೆದರು ಎಂದು ಯಾರಾದರೂ ಹೇಳಲೇಬೇಕು.

ಇದು ಬರೀ ತಾಂತ್ರಿಕ ತಕರಾರು ಎಂದು ಮೂಗು ಮುರಿಯುವವರು ದೆಹಲಿಯ ಛಾವ್ಲಾ ಪ್ರಕರಣದ ತೀರ್ಪು ಓದಬೇಕು. 2012ರ ಫೆಬ್ರವರಿ 9ರಂದು ಅಪಹರಣವಾದ ಯುವತಿಯ ಶವ ಹರಿಯಾಣದ ಹೊಲದಲ್ಲಿ ಸಿಕ್ಕಿದ್ದು ಕೆಲವು ದಿನದ ಮೇಲೆ. ಮಾದರಿಗಳನ್ನು ತೆಗೆದಿದ್ದು ಫೆಬ್ರವರಿ 14 ಮತ್ತು 16ಕ್ಕೆ. ಲ್ಯಾಬಿಗೆ ಹೋಗಿದ್ದು 27ಕ್ಕೆ. ಅಲ್ಲಿಯವರೆಗೆ ಠಾಣೆಯ ಮಾಲ್‌ಖಾನೆಯಲ್ಲಿದ್ದವು. ಲ್ಯಾಬಿನ ಕಂಡುಕೊಳ್ಳುವಿಕೆಗೆ ಆಧಾರ ಏನು, ತಂತ್ರವನ್ನು ಸರಿಯಾಗಿ ಬಳಸಿದರಾ ಎಂದು ಕೆಳಗಿನ ಎರಡು ಕೋರ್ಟುಗಳೂ ಪರೀಕ್ಷಿಸಲಿಲ್ಲ ಎಂದು 2022ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಹೇಳಿತು. ಮರಣದಂಡನೆಯಾಗಿದ್ದ ಮೂವರೂ ಬಿಡುಗಡೆಯಾದರು. ಇಡೀ ದೇಶಕ್ಕೆ ಹೊಟ್ಟೆ ಉರಿಯಿತು. ಆದರೆ ಆ ಸಿಟ್ಟು ತಿರುಗಬೇಕಾದ್ದು ಆ ಹನ್ನೊಂದು, ಹದಿಮೂರು ದಿನಗಳ ಕಡೆಗೆ ಅಂತ ನನಗನ್ನಿಸುತ್ತದೆ.

ಈಗ ನಿಯಮ ಬಿಗಿಯಾಗಿದೆ. ತಮಿಳುನಾಡಿನ ಸುರುಳಿ ಜಲಪಾತದ ಬಳಿ 2011ರಲ್ಲಿ ನಡೆದ ಜೋಡಿ ಕೊಲೆಯ ಪ್ರಕರಣ, ಕಟ್ಟವೆಳ್ಳೈ ವಿರುದ್ಧ ತಮಿಳುನಾಡು ರಾಜ್ಯ. ಅದರಲ್ಲಿ 2025ರ ಜುಲೈ 15ರಂದು ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ಅನ್ವಯಿಸುವ ಸೂಚನೆ ಕೊಟ್ಟಿತು. ಡಿಎನ್‌ಎ ಮಾದರಿಯ ಪೊಟ್ಟಣದ ಜೊತೆಯ ದಾಖಲೆಯಲ್ಲಿ ಎಫ್‌ಐಆರ್ ನಂಬರ್, ಕಲಂ, ಠಾಣೆ, ತನಿಖಾಧಿಕಾರಿಯ ವಿವರ ಇರಬೇಕು. ವೈದ್ಯರು, ತನಿಖಾಧಿಕಾರಿ, ಸ್ವತಂತ್ರ ಸಾಕ್ಷಿಗಳ ಸಹಿ ಬೇಕು. 48 ಗಂಟೆಯೊಳಗೆ ಲ್ಯಾಬ್ ಮುಟ್ಟಬೇಕು, ತಡವಾದರೆ ಕಾರಣ ಬರೆಯಬೇಕು. ವಿಚಾರಣಾ ಕೋರ್ಟಿನ ಅನುಮತಿ ಇಲ್ಲದೆ ಪೊಟ್ಟಣ ಒಡೆಯುವಂತಿಲ್ಲ, ಮತ್ತೆ ಸೀಲು ಹಾಕುವಂತಿಲ್ಲ. ಮಾದರಿ ತೆಗೆದ ಹೊತ್ತಿನಿಂದ ತೀರ್ಪಿನವರೆಗೆ ಯಾರ ವಶದಲ್ಲಿತ್ತು ಎಂಬ ರಿಜಿಸ್ಟರ್ ಕೋರ್ಟಿನ ಕಡತಕ್ಕೆ ಸೇರಬೇಕು. ಈ ದಿನಾಂಕದ ನಂತರದ ಕೇಸಾದರೆ ನಿಮ್ಮ ಮೊದಲ ಅರ್ಜಿ ಆ ರಿಜಿಸ್ಟರ್ ತರಿಸಿ ಎಂದಿರಲಿ.

ಲ್ಯಾಬಿನಿಂದ ವಾಪಸ್ ಬಂದ ಮೇಲೂ ಕಥೆ ಮುಗಿಯುವುದಿಲ್ಲ. ಮುಂಬೈಯ ಶೀನಾ ಬೋರಾ ಕೊಲೆ ಪ್ರಕರಣದಲ್ಲಿ 2012ರಲ್ಲಿ ಪೆಣ್ ಬಳಿ ಸಿಕ್ಕ ಮೂಳೆಗಳು ಕಾಣುತ್ತಿಲ್ಲ ಎಂದು 2024ರಲ್ಲಿ ಪ್ರಾಸಿಕ್ಯೂಷನ್ ಕೋರ್ಟಿಗೆ ಹೇಳಿತು. ಸ್ವಲ್ಪ ದಿನದ ಮೇಲೆ ದೆಹಲಿಯ ಸಿಬಿಐ ಕಚೇರಿಯಲ್ಲೇ ಇವೆ ಎಂದಿತು.

5. ಹೋಲಿಸಿದ ರಕ್ತ ಯಾರದ್ದು

ಮೂಳೆ ಎಷ್ಟೇ ಚೆನ್ನಾಗಿದ್ದರೂ ಎದುರಿಗೆ ಇಡುವ ಮಾದರಿ ಸರಿಯಿರಬೇಕು. ಅಪ್ಪ, ಅಮ್ಮ ಇಬ್ಬರೂ ಸಿಕ್ಕರೆ ಬಹಳ ಒಳ್ಳೆಯದು. ಒಬ್ಬರೇ ಆದರೆ ಬಲ ಕಡಿಮೆ. ಮಕ್ಕಳು ಮತ್ತು ಹೆಂಡತಿ ಇದ್ದರೆ ಅದೂ ನಡೆಯುತ್ತದೆ. ಬರೀ ಒಬ್ಬ ಅಣ್ಣನೋ ತಮ್ಮನೋ ಆದರೆ ಜೋಪಾನ. ಒಡಹುಟ್ಟಿದವರು ಒಂದು ಜಾಗದಲ್ಲಿ ಏನನ್ನೂ ಹಂಚಿಕೊಳ್ಳದೆ ಇರಬಹುದು. ಅರ್ಧಂಬರ್ಧ ಪ್ರೊಫೈಲ್ ಜೊತೆ ಅಣ್ಣನ ರಕ್ತ ಮಾತ್ರ ಇದ್ದರೆ ‘ಖಚಿತ’ ಎಂದು ಬರೆದವರನ್ನು ನಾನು ನಂಬುವುದಿಲ್ಲ.

ಕೋಶದೊಳಗಿನ ಮೈಟೊಕಾಂಡ್ರಿಯಾದಲ್ಲಿ ಬೇರೆಯೇ ಒಂದು ಡಿಎನ್‌ಎ ಇದೆ, 16,569 ಅಕ್ಷರದ್ದು. ಒಂದೊಂದು ಕೋಶದಲ್ಲಿ ನೂರಾರು, ಸಾವಿರಾರು ಪ್ರತಿ ಇರುವುದರಿಂದ ಹಳೇ ಮೂಳೆಯಲ್ಲೂ ಸಿಗುತ್ತದೆ. ತುಳುನಾಡಿನ ‘ಬಳಿ’ (ತಾಯಿಯ ಕಡೆಯಿಂದ ಬರುವ ಕುಲ) ಇದ್ದ ಹಾಗೆ, ತಾಯಿಯಿಂದಲೇ ಬರುತ್ತದೆ. ಹಾಗಾಗಿ ಅಮ್ಮ, ಅಮ್ಮನ ತಂಗಿ, ಆ ತಂಗಿಯ ಮಗ ಎಲ್ಲರದ್ದೂ ಒಂದೇ. ಹೊಂದದೇ ಹೋದರೆ ಈ ಬಳಿಯವನಲ್ಲ ಎಂದು ಹೇಳಲು ಬಲವಾದ ಆಧಾರ. ಹೊಂದಿದರೆ ‘ಈ ಬಳಿಯವನು ಇರಬಹುದು’ ಎಂದಷ್ಟೇ. ‘ಇವನೇ’ ಎನ್ನಲು ಅದು ಸಾಲದು.

ಇನ್ನೊಂದು, ಯಾರೂ ಕೇಳದ್ದು: ಆ ದಂಪತಿಗೆ ಕಾಣೆಯಾದ ಇನ್ನೊಬ್ಬ ಮಗ ಇದ್ದಾನಾ? ಡಿಎನ್‌ಎ ‘ಇವರ ಮಗ’ ಅನ್ನುತ್ತದೆ. ದೊಡ್ಡವನೋ ಚಿಕ್ಕವನೋ ಅನ್ನುವುದಿಲ್ಲ.

6. ಪಟ್ಟಿಯನ್ನು ಕಣ್ಣಿಟ್ಟು ಓದಿ

ವರದಿಯ ಜೊತೆ ಪ್ರತಿ ಜಾಗದ ಅಂಕಿಗಳ (ಅಕ್ಷರಗುಂಪು ಎಷ್ಟು ಸಲ ಬಂತು ಎಂಬುದರ) ಪಟ್ಟಿ ಇರಬೇಕು. ಇಲ್ಲದಿದ್ದರೆ ಅರ್ಜಿ ಹಾಕಿ ತರಿಸಿ. ಜೊತೆಗೆ ಗ್ರಾಫ್ ಹಾಳೆ, ಅಂದರೆ ಎಲೆಕ್ಟ್ರೋಫೆರೋಗ್ರಾಮ್, ಮತ್ತು ಡಿಎನ್‌ಎ ಎಷ್ಟು ಸಿಕ್ಕಿತು ಎಂಬ ಅಳತೆಯ ಹಾಳೆ. ಗ್ರಾಫಿನಲ್ಲಿ ಎಡಗಡೆ ಚಿಕ್ಕ ತುಂಡು, ಬಲಗಡೆ ಉದ್ದ ತುಂಡು. ಚೆನ್ನಾಗಿರುವ ರಕ್ತದ ಗ್ರಾಫಿನಲ್ಲಿ ಮೊನೆಗಳು ಎಡದಿಂದ ಬಲಕ್ಕೆ ಹೆಚ್ಚುಕಡಿಮೆ ಒಂದೇ ಎತ್ತರ. ಕೊಳೆತ ಮೂಳೆಯದು ಘಾಟಿ ಇಳಿದ ಹಾಗೆ: ಎಡಕ್ಕೆ ಎತ್ತರ, ಬಲಕ್ಕೆ ಹೋಗುತ್ತಾ ತಗ್ಗು, ಕೊನೆಗೆ ಬರೀ ನೆಲ. ಈ ಇಳಿಜಾರು ಕಂಡರೆ ಹೆದರಬೇಡಿ, ಮೂಳೆಯ ಡಿಎನ್‌ಎ ನಿಜವಾಗಿ ಕೊಳೆತದ್ದು ಎಂದು ಅದು ಹೇಳುತ್ತಿದೆ. ತಿಂಗಳುಗಟ್ಟಲೆ ಮಣ್ಣಿನಲ್ಲಿದ್ದ ಎಲುಬಿನಿಂದ ಒಂದು ಚೂರೂ ಇಳಿಜಾರಿಲ್ಲದ ಗ್ರಾಫ್ ಬಂದರೆ ‘ಇದು ಮೂಳೆಯ ಒಳಗಿನದ್ದಾ, ಮುಟ್ಟಿದವರದ್ದಾ?’ ಎಂದು ಒಮ್ಮೆ ಕೇಳಿ. ಗಟ್ಟಿ ಮೂಳೆ ಚೆನ್ನಾಗಿ ಉಳಿದಿರಲೂಬಹುದು, ಆದರೂ ಕೇಳಿ.

ಒಂದು ಉದಾಹರಣೆ, ನಾನೇ ಮಾಡಿಕೊಂಡದ್ದು. ಡಿ3ಎಸ್1358 ಎಂಬ ಜಾಗದಲ್ಲಿ ಮೂಳೆ 15, 17. ತಾಯಿ 15, 16. ತಂದೆ 17, 18. ಒಂದು ಅಮ್ಮನಿಂದ, ಒಂದು ಅಪ್ಪನಿಂದ. ಸರಿ ಹೋಯಿತು. ಡಿ18ಎಸ್51 ಜಾಗದಲ್ಲಿ ಮೂಳೆಯಲ್ಲಿ ಕಂಡದ್ದು 14 ಮಾತ್ರ. ತಾಯಿ 14, 16. ತಂದೆ 13, 17. ತಂದೆಯಿಂದ ಏನೂ ಬಂದಿಲ್ಲ ಎಂಬಂತೆ ಕಾಣುತ್ತದೆ, ಅಲ್ವಾ? ಅವಸರದ ವಕೀಲ ಇಲ್ಲಿ ‘ಇವರ ಮಗನೇ ಅಲ್ಲ’ ಎಂದು ಎದ್ದು ನಿಲ್ಲುತ್ತಾನೆ. ಆದರೆ ಈ ಜಾಗಕ್ಕೆ ಉದ್ದ ತುಂಡು ಬೇಕು. ಮೂಳೆ ನಿಜಕ್ಕೂ 14, 17 ಇದ್ದು, 17 ಉದುರಿಹೋಗಿರಬಹುದು. ಇದಕ್ಕೆ ಡ್ರಾಪ್ ಔಟ್ ಅನ್ನುತ್ತಾರೆ. ಉದ್ದ ತುಂಡು ಬೇಕಾದ ಇನ್ನೊಂದು ಜಾಗ, ಪೆಂಟಾ ಇ, ಅಲ್ಲಿ ಮೂಳೆಯ ಕಾಲಂ ಪೂರ್ತಿ ಖಾಲಿ.

ಈಗ ಲ್ಯಾಬ್ ಏನು ಮಾಡಿತು ನೋಡಿ. ಪರೀಕ್ಷೆಯನ್ನು ಎರಡು, ಮೂರು ಸಲ ಮಾಡಿ ಎರಡು ಸಲವಾದರೂ ಬಂದ ಅಂಕಿಯನ್ನೇ ಇಟ್ಟುಕೊಂಡಿದ್ದರೆ ಒಳ್ಳೆಯ ಕೆಲಸ. ಒಂದೇ ಸಲ ಮಾಡಿ, 14ನ್ನು ‘14, 14’ ಎಂದು ಬರೆದಿದ್ದರೆ ಕೇಳಬೇಕು. ತಮಗೆ ಬೇಡದ ಜಾಗಗಳನ್ನು ಪಟ್ಟಿಯಿಂದ ಸದ್ದಿಲ್ಲದೆ ಬಿಟ್ಟಿದ್ದರೆ ಇನ್ನೂ ಜೋರಾಗಿ ಕೇಳಬೇಕು. ಮೂಳೆ ಇಲ್ಲದೆ ಬರೀ ರಾಸಾಯನಿಕ ಹಾಕಿ ಓಡಿಸಿದ ಖಾಲಿ ಮಾದರಿಯಲ್ಲಿ ಏನಾದರೂ ಮೊನೆ ಎದ್ದಿದೆಯಾ ಎಂಬುದನ್ನೂ ನೋಡಿ. ಎದ್ದಿದ್ದರೆ ಲ್ಯಾಬಿನೊಳಗೇ ಬೇರೆಯವರ ಡಿಎನ್‌ಎ ಸೇರಿದೆ.

7. ಅಂಕಿ ಏನು ಹೇಳುತ್ತದೆ

ಕೆಲವು ವರದಿಗಳಲ್ಲಿ ಹೊಂದಾಣಿಕೆ ಎಷ್ಟು ಬಲವಾದದ್ದು ಎಂಬ ಅಂಕಿಯೇ ಇರುವುದಿಲ್ಲ, ‘ಹೊಂದುತ್ತದೆ’ ಎಂದು ಮುಗಿಸಿರುತ್ತಾರೆ. ಪೂರ್ತಿ ಪ್ರೊಫೈಲ್ ಆದರೆ ಹೇಗೋ ನಡೆದೀತು. ಎಂಟೇ ಜಾಗ ಸಿಕ್ಕಿದ್ದರೆ ಅಂಕಿ ಇಲ್ಲದೆ ಆ ಪದಕ್ಕೆ ತೂಕವೇ ಇಲ್ಲ.

ಅಂಕಿ ಇದ್ದರೆ ಹೀಗೆ ಓದಿ: ‘ಈ ಮೂಳೆ ಈ ದಂಪತಿಯ ಮಗನದ್ದಾದರೆ ಈ ಫಲಿತಾಂಶ ಬರುವ ಸಾಧ್ಯತೆ, ಸಂಬಂಧವಿಲ್ಲದ ಯಾರದ್ದೋ ಆದರೆ ಬರುವ ಸಾಧ್ಯತೆಗಿಂತ ಇಷ್ಟು ಪಟ್ಟು ಜಾಸ್ತಿ.’ ಇದನ್ನು ‘ಇವರ ಮಗನಾಗಿರುವ ಸಾಧ್ಯತೆ ಇಷ್ಟು’ ಎಂದು ತಿರುಗಿಸಿ ಹೇಳುವುದು ತಪ್ಪು. ನ್ಯಾಯಾಧೀಶರ ಮುಂದೆ ನಾವೆಲ್ಲ ಆ ತಪ್ಪು ಮಾಡುತ್ತೇವೆ. ಇನ್ನೊಂದು ವಿಷಯ: ‘ಸಂಬಂಧವಿಲ್ಲದ ಯಾರೋ’ ಎಂದು ಲೆಕ್ಕ ಹಾಕಿದ್ದಾರೆ. ಕಾಣೆಯಾದವನ ಚಿಕ್ಕಪ್ಪನ ಮಗನದ್ದೂ ಇರಬಹುದು ಎಂಬ ಅನುಮಾನ ಇದ್ದರೆ ಲೆಕ್ಕವನ್ನೇ ಬೇರೆ ಮಾಡಬೇಕು.

8. ತಜ್ಞರನ್ನು ಕಟಕಟೆಗೆ ಕರೆಸಿ

ಡಿಎನ್‌ಎ ವರದಿ ತಜ್ಞರ ಅಭಿಪ್ರಾಯ ಅಷ್ಟೇ. ಹಿಂದೆ ಸಾಕ್ಷ್ಯ ಕಾಯ್ದೆಯ ಕಲಂ 45, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 39. ಸರ್ಕಾರಿ ಲ್ಯಾಬಿನ ವರದಿಯನ್ನು ಬಿಎನ್‌ಎಸ್‌ಎಸ್ ಕಲಂ 329ರ ಕೆಳಗೆ ತಜ್ಞರನ್ನು ಕರೆಸದೆಯೂ ಸಾಕ್ಷ್ಯವಾಗಿ ಗುರುತು ಮಾಡಬಹುದು. ಇಲ್ಲಿ ಜೂನಿಯರ್‌ಗಳು ಎಡವುತ್ತಾರೆ. ಕಲಂ 330ರ ಪ್ರಕಾರ ದಾಖಲೆ ಕೊಟ್ಟ 30 ದಿನದೊಳಗೆ ಒಪ್ಪುತ್ತೀರೋ ಇಲ್ಲವೋ ಹೇಳಬೇಕು, ವರದಿಗೆ ತಕರಾರು ಇಲ್ಲದಿದ್ದರೆ ತಜ್ಞರನ್ನು ಕರೆಸುವ ಹಾಗೇ ಇಲ್ಲ. ಕೊಳೆತ ಶವದ ಕೇಸಿನಲ್ಲಿ ತಕರಾರನ್ನು ಬರವಣಿಗೆಯಲ್ಲಿ, ಕಾರಣ ಸಮೇತ ದಾಖಲಿಸಿ.

ಪಾಟಿ ಸವಾಲಿನಲ್ಲಿ ವಿಜ್ಞಾನಿಗೆ ಡಿಎನ್‌ಎ ಪಾಠ ಹೇಳಲು ಹೋಗಬೇಡಿ, ಸೋಲುತ್ತೀರಿ. ಚಿಕ್ಕ ಪ್ರಶ್ನೆ ಕೇಳಿ. ಮೂಳೆಯ ಮೇಲ್ಪದರ ಉಜ್ಜಿ ತೆಗೆದು, ಬ್ಲೀಚಿನಲ್ಲಿ ತೊಳೆದ ಮೇಲೆ ಪುಡಿ ಮಾಡಿದಿರಾ? ಮನುಷ್ಯನ ಡಿಎನ್‌ಎ ಎಷ್ಟು ಸಿಕ್ಕಿತು? ಬ್ಯಾಕ್ಟೀರಿಯಾದ್ದನ್ನು ಬಿಟ್ಟು ಅಳೆದಿರಾ? ಎಷ್ಟು ಸಲ ಓಡಿಸಿದಿರಿ? ತಾಯಿಯ ರಕ್ತವನ್ನೂ ಮೂಳೆಯನ್ನೂ ಒಂದೇ ದಿನ, ಒಂದೇ ಮೇಜಿನಲ್ಲಿ ಮಾಡಿದಿರಾ? ಕೊನೆಯದಕ್ಕೆ ‘ಹೌದು’ ಎಂದರೆ ಒಂದರ ಡಿಎನ್‌ಎ ಇನ್ನೊಂದಕ್ಕೆ ತಾಗಿರಬಹುದು, ಸ್ವಲ್ಪ ಹೊತ್ತು ಸುಮ್ಮನಿರಿ. ನ್ಯಾಯಾಧೀಶರು ಬರೆದುಕೊಳ್ಳಲಿ.

9. ಡಿಎನ್‌ಎ ಬರಲೇ ಇಲ್ಲ ಎಂದರೆ

‘ಪ್ರೊಫೈಲ್ ಸಿಗಲಿಲ್ಲ’ ಮತ್ತು ‘ಹೊಂದಲಿಲ್ಲ’ ಒಂದೇ ಅಲ್ಲ. ಮೊದಲನೆಯದು ಯಾರ ಪರವೂ ಅಲ್ಲ. ಆಗ ಹಲ್ಲಿನ ದಾಖಲೆ, ಮೂಳೆಗೆ ಹಾಕಿದ ಪ್ಲೇಟಿನ ನಂಬರ್, ಬಟ್ಟೆ, ತಾಳಿ, ತಲೆಬುರುಡೆ ಮೇಲೆ ಫೋಟೋ ಹೊಂದಿಸುವ ಪರೀಕ್ಷೆ ಇವೆ. ಪಟ್ಟು ರಾಜನ್ ವಿರುದ್ಧ ತಮಿಳುನಾಡು ಪ್ರಕರಣದಲ್ಲಿ ಕೊಡೈಕೆನಾಲ್ ಕಾಡಿನಲ್ಲಿ ಸಿಕ್ಕ ಗುರುತಿಲ್ಲದ ಶವವನ್ನು ಹೂತು, ಆಮೇಲೆ ಹೊರತೆಗೆದು ಬುರುಡೆ ಪರೀಕ್ಷೆ ಮಾಡಿದ್ದರು. ಡಿಎನ್‌ಎ ಯಾಕೆ ಮಾಡಲಿಲ್ಲ ಎಂದು ಆರೋಪಿಗಳು ವಾದಿಸಿದರು. ಡಿಎನ್‌ಎಯೂ ಅಭಿಪ್ರಾಯ ಸಾಕ್ಷ್ಯವೇ, ಬೇರೆ ಸಾಕ್ಷ್ಯ ಗಟ್ಟಿ ಇದ್ದಾಗ ಅದಿಲ್ಲ ಎಂದ ಮಾತ್ರಕ್ಕೆ ಕೇಸು ಬೀಳುವುದಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಮನೆಯವರಿಗೆ ಒಂದು ಮಾತು. 2010ರ ಮೇ 22ರ ಮಂಗಳೂರು ವಿಮಾನ ದುರಂತದಲ್ಲಿ 158 ಜನ ಹೋದರು. ಸುಟ್ಟ ಶವಗಳಲ್ಲಿ ಹಲವನ್ನು ಡಿಎನ್‌ಎ ಫಲಿತಾಂಶ ಬರುವ ಮೊದಲೇ ಗುರುತು ಹೇಳಿದವರಿಗೆ ಕೊಟ್ಟಿದ್ದರು. ಕೊನೆಗೆ ಯಾರಿಗೂ ಹೊಂದದ 12 ಶವಗಳನ್ನು ಕೂಳೂರಿನ ಬಳಿ ಒಟ್ಟಿಗೆ ಮಣ್ಣು ಮಾಡಬೇಕಾಯಿತು. ಫಲಿತಾಂಶ ಬರುವವರೆಗೆ ಕಾಯಿರಿ ಎಂದು ಅಧಿಕಾರಿಗಳು ಹೇಳಿದರೆ ಸಿಟ್ಟು ಬರುತ್ತದೆ, ಆದರೂ ಕಾಯಿರಿ. ಅಸ್ಥಿಯನ್ನು ಕೊಡುವಾಗ ಒಂದು ಹಲ್ಲು, ಒಂದು ಮೂಳೆ ತುಂಡು ಸೀಲಾಗಿ ಉಳಿದಿದೆಯಾ ಎಂದು ಕೇಳಿ, ಅದರ ನಂಬರನ್ನು ಬರೆಸಿಕೊಳ್ಳಿ. ದಹನ ಆದ ಮೇಲೆ ಎರಡನೇ ಪರೀಕ್ಷೆಗೆ ಉಳಿಯುವುದು ಅದೊಂದೇ.